ಯಾದವಗಿರಿಯ ಮನೆಯೂ ನಮ್ಮ ಪೇಟೆಬೀದಿಯೂ

ನ್ಯಾಮತಿಯ ಪೇಟೆಬೀದಿಯಲ್ಲಿ, ನಾನು ಪ್ರತಿದಿನ ಬೆಳಗ್ಗೆ ಹಾಲು ತರಲು ಹೋಗುವ ದಾರಿಯಲ್ಲಿ, ಹಿಂದೊಮ್ಮೆ ಅಡಿಕೆ ಬೆಲ್ಲಗಳ ವ್ಯಾಪಾರದಿಂದ ಬಾಳಿದ ಮನೆತನವೊಂದರ ತೊಟ್ಟಿಮನೆಯನ್ನು ಕಳೆದ ಬೇಸಗೆಯಲ್ಲಿ ನಾಲ್ಕೇ ದಿನಗಳಲ್ಲಿ ಕೆಡವಿಹಾಕಿದರು. ಮೊದಲನೆಯ ದಿನ ಹೆಂಚು ಇಳಿಯಿತು. ಎರಡನೆಯ ದಿನ ತೊಲೆ, ಕಂಬ, ಬೋದಿಗೆ, ಬಾಗಿಲವಾಡಗಳು ಎಲ್ಲಿಯದೋ ದೊಡ್ಡ ಊರಿನ ವ್ಯಾಪಾರಿಯ ಲಾರಿಯನ್ನು ಏರಿದವು. ಮೂರನೆಯ ದಿನ ಜೆಸಿಬಿ ಬಂದು ಮೊಳ ದಪ್ಪದ ಮಣ್ಣುಗೋಡೆಗಳನ್ನು ಹಿಟ್ಟು ಮಾಡಿತು. ನಾಲ್ಕನೆಯ ದಿನದ ಸಂಜೆಗೆ ಅಲ್ಲಿ ಉಳಿದದ್ದು ಮೂಲೆಗೊಂದು ಗೂಟ, ಗೂಟದಿಂದ ಗೂಟಕ್ಕೆ ಬಿಗಿದ ಅಳತೆಯ ದಾರ, ಇಷ್ಟೇ. ಬೆಪ್ಪಾಗಿ ನಿಂತಿದ್ದ ನನ್ನನ್ನು ಕಂಡು ಎದುರಂಗಡಿಯ ಯಜಮಾನರು, “ಏನ್ ಮಾಡಾಕ್ ಆಗುತ್ತೆ ಮೇಷ್ಟ್ರೇ, ಅವರ ಮನಿ, ಅವರಿಷ್ಟ” ಎಂದರು. ಆ ಮಾತಿಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ಣವಾದ ಉತ್ತರವಿದೆಯೆಂದು ಹೇಳಲಾರೆ. ಆದರೆ ಆ ಮಾತನ್ನು ಕೇಳಿದಂದಿನಿಂದ ನನ್ನ ಮನಸ್ಸು ಮತ್ತೆ ಮತ್ತೆ ಮೈಸೂರಿನ ಯಾದವಗಿರಿಯ ಒಂದು ಮನೆಯ ಕಡೆಗೆ ಹೋಗುತ್ತಿದೆ.

ಆ ಮನೆ ಇಂಗ್ಲಿಷಿನಲ್ಲಿ ಬರೆದ ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರದು. ಅದನ್ನು ನೋಡಲೆಂದು ಹೋದವನು ಅರಮನೆಯ ಊರಿನಲ್ಲಿ ಅರಮನೆಯಂತಹದನ್ನೇನಾದರೂ ನಿರೀಕ್ಷಿಸಿದ್ದರೆ ನಿರಾಶನಾಗಬೇಕಾದೀತು. ವಿವೇಕಾನಂದ ರಸ್ತೆಯಲ್ಲಿ, ಅಂತಹವೇ ಹತ್ತಾರು ಮನೆಗಳ ನಡುವೆ, ಬಿಳಿಯ ಬಣ್ಣದ, ಎರಡು ಅಂತಸ್ತಿನ, ಒಂದು ಮಗ್ಗುಲಿನಲ್ಲಿ ಅರ್ಧಚಂದ್ರಾಕಾರವಾಗಿ ಮುಂಚಾಚಿಕೊಂಡ ಕೊಠಡಿಯುಳ್ಳ, ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಧ್ಯಮವರ್ಗದ ಗೃಹಸ್ಥನೊಬ್ಬನು ಕೂಡಿಟ್ಟ ಹಣವನ್ನೂ ಕೂಡಿಡದ ಹಣವನ್ನೂ ಸುರಿದು ಕಟ್ಟಿಸಿಕೊಳ್ಳುತ್ತಿದ್ದ ಬಡಾವಣೆಯ ಮನೆ ಅದು. ಕೆತ್ತನೆಯ ಕಂಬವಿಲ್ಲ, ಶಾಸನವಿಲ್ಲ, ಅಲ್ಲಿ ಯಾವ ಒಡಂಬಡಿಕೆಗೂ ಸಹಿ ಬಿದ್ದುದಿಲ್ಲ. ಆದರೂ ಅದು ಇಂದು ಪಾರಂಪರಿಕ ಕಟ್ಟಡ. ಹಾಗೆ ಆದದ್ದು ಹೇಗೆಂಬುದು ನಮ್ಮಂತಹ ಸಣ್ಣ ಊರಿನವರು ಗಮನವಿಟ್ಟು ಕೇಳಬೇಕಾದ ಕಥೆ.

ಮೈಸೂರಿನ ಬಡಾವಣೆಗಳು ಹುಟ್ಟಿದ್ದರ ಹಿಂದೆ ಪ್ಲೇಗಿನ ಭೀತಿಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಮಾರಿ ನಗರದೊಳಗೆ ಹೊಕ್ಕು, ಗಾಳಿಬೆಳಕು ಸುಳಿಯದ ಇಕ್ಕಟ್ಟಾದ ಕೇರಿಗಳಲ್ಲಿ ಜನರನ್ನು ಕೊಂದುದರಿಂದ ಎಚ್ಚೆತ್ತ ಸಂಸ್ಥಾನವು 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯನ್ನು ಸ್ಥಾಪಿಸಿತು. ಅಗಲವಾದ ರಸ್ತೆಗಳೂ, ಮನೆಗೆ ನಾಲ್ಕೂ ಕಡೆ ಬಯಲು ಬಿಟ್ಟ ನಿವೇಶನಗಳೂ ಕಾಣಿಸಿಕೊಂಡವು. ಬೆಂಗಳೂರಿನ ಬಸವನಗುಡಿ ಮಲ್ಲೇಶ್ವರಗಳ ಹಿಂದೆ ಇದ್ದುದೂ ಇದೇ ಕಾಲ, ಇದೇ ಕಳವಳ. ಈ ಎರಡು ಹೆಸರುಗಳ ತಲೆಬಾಲಗಳನ್ನು ಜೋಡಿಸಿದರೆ ನಾರಾಯಣರ ಕಥೆಗಳು ನಡೆಯುವ ಊರಾದ ಮಾಲ್ಗುಡಿಯಾಗುತ್ತದೆಂದು ಹೇಳುವವರುಂಟು. ನಾರಾಯಣರಾದರೋ, 1930ರ ವಿಜಯದಶಮಿಯ ದಿನ ಬೆಂಗಳೂರಿನಲ್ಲಿ ಬರೆಯಲು ಕುಳಿತಾಗ ಒಂದು ರೈಲ್ವೆ ನಿಲ್ದಾಣವೂ ಅದರ ಹೆಸರೂ ತಾವಾಗಿಯೇ ಕಣ್ಣಮುಂದೆ ಬಂದು ನಿಂತವೆಂದು ಬರೆದಿದ್ದಾರೆ. ಅದೇನೇ ಇರಲಿ, ಕಲ್ಪನೆಯ ಊರೊಂದನ್ನು ಕಟ್ಟಲು ಅವರಿಗೆ ಒಂದು ಹಬ್ಬದ ದಿನ ಸಾಕಾಯಿತು, ನಿಜವಾದ ಮನೆಯೊಂದನ್ನು ಕಟ್ಟಲು ಐದು ವರ್ಷ ಹಿಡಿಯಿತು.

1948ರಲ್ಲಿ ಮೊದಲಿಟ್ಟ ಕೆಲಸ ಮುಗಿದದ್ದು 1953ರ ಹೊತ್ತಿಗೆ. ಮನೆ ಕಟ್ಟಿಸಿದವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಗಾರೆಯವರು ಒಂದು ದಿನ ಬಂದರೆ ಮೂರು ದಿನ ಬಾರದಿರುವ ಸಂಪ್ರದಾಯ ಇಂಗ್ಲಿಷಿನಲ್ಲಿ ಬರೆಯುವವರಿಗೂ ಕನ್ನಡದಲ್ಲಿ ಬರೆಯುವವರಿಗೂ ಒಂದೇ. ಅಷ್ಟರಲ್ಲಿ ನಾರಾಯಣರ ಜೀವನದ ಅತ್ಯಂತ ದಾರುಣವಾದ ಘಟನೆ ಕಳೆದುಹೋಗಿತ್ತು. ಮಹಾರಾಜ ಕಾಲೇಜಿಯೇಟ್ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಮಗನಾಗಿ ಮೈಸೂರಿಗೆ ಬಂದು, ಮಹಾರಾಜ ಕಾಲೇಜಿನಲ್ಲಿ ಓದಿ, ಉಪಾಧ್ಯಾಯ ವೃತ್ತಿಯನ್ನು ಕೆಲವೇ ದಿನಗಳಲ್ಲಿ ತೊರೆದು, 1935ರಲ್ಲಿ ಇಂಗ್ಲೆಂಡಿನ ಲೇಖಕ ಗ್ರಹಾಂ ಗ್ರೀನರ ನೆರವಿನಿಂದ ಮೊದಲನೆಯ ಕಾದಂಬರಿಯನ್ನು ಪ್ರಕಟಿಸಿದ್ದ ಆ ತರುಣನ ಮಡದಿ ರಾಜಂ 1939ರಲ್ಲಿ ವಿಷಮಶೀತಜ್ವರದಿಂದ ತೀರಿಕೊಂಡಿದ್ದರು. ಉಳಿದವಳು ಎಳೆಯ ಮಗಳು ಹೇಮಾ. ಅವರು ಮತ್ತೆ ಮದುವೆಯಾಗಲಿಲ್ಲ. ಯಾದವಗಿರಿಯ ಮನೆ ಗೃಹಿಣಿಯಿಲ್ಲದವನು ಕಟ್ಟಿಸಿದ ಗೃಹ ಎಂಬುದನ್ನು ನೆನೆದರೆ ಅದರ ಆಕಾರವೇ ಸ್ವಲ್ಪ ಬೇರೆಯಾಗಿ ತೋರುತ್ತದೆ: ಅಡುಗೆಮನೆಗಿಂತ, ದೇವರಕೋಣೆಗಿಂತ, ಪಡಸಾಲೆಗಿಂತ ಹೆಚ್ಚಿನ ಆಸ್ಥೆ ಬರೆಯುವ ಕೊಠಡಿಗೆ ಸಂದಿದೆ.

ಆ ಮುಂಚಾಚಿದ ಕೊಠಡಿಗೆ ಎಂಟು ಕಿಟಕಿಗಳು. ಕುಳಿತಲ್ಲಿಂದಲೇ ಚಾಮುಂಡಿಬೆಟ್ಟವೂ ಅದರ ಮೇಲಿನ ದೇವಸ್ಥಾನವೂ ಕಾಣುವಂತೆ ಅವುಗಳನ್ನು ಇರಿಸಿದ್ದರು. ಕುಟುಂಬದವರು ಲಕ್ಷ್ಮೀಪುರದ ಮನೆಯಲ್ಲಿಯೇ ಇದ್ದ ಮೊದಮೊದಲ ವರ್ಷಗಳಲ್ಲಿ ನಾರಾಯಣರು, ಕಚೇರಿಗೆ ಹೋಗುವ ಗುಮಾಸ್ತನಂತೆ, ಬರೆಯುವುದಕ್ಕೆಂದೇ ಯಾದವಗಿರಿಗೆ ಹೋಗಿ ಬರುತ್ತಿದ್ದರು. ಆಮೇಲೆ ನಡೆದುದನ್ನು ಅವರೇ ‘ಮೈ ಡೇಸ್’ ಎಂಬ ಆತ್ಮಕಥನದಲ್ಲಿ ತಮ್ಮ ಎಂದಿನ ತಣ್ಣಗಿನ ವಿನೋದದಿಂದ ಹೇಳಿಕೊಂಡಿದ್ದಾರೆ. ಅಷ್ಟು ಆಸೆಪಟ್ಟು ಇಡಿಸಿದ ಕಿಟಕಿಗಳ ಹೊರಗಿನ ದೃಶ್ಯ ಎಷ್ಟು ರಮ್ಯವಾಗಿತ್ತೆಂದರೆ ಲೇಖನಿ ಮುಂದುವರಿಯದಾಯಿತು. ಕೊನೆಗೆ ದಪ್ಪನೆಯ ಪರದೆಗಳನ್ನು ಇಳಿಬಿಟ್ಟು, ನೋಡಲು ಚೆಲುವಾದುದೇನೂ ಉಳಿಯದಂತೆ ಮಾಡಿಕೊಂಡ ಮೇಲೆಯೇ ಕೆಲಸ ಸಾಗಿತಂತೆ. ಎಂಟು ಕಿಟಕಿಗಳನ್ನು ಇಡಿಸಿ ಎಂಟಕ್ಕೂ ಪರದೆ ಹಾಕಿದ ಈ ಮನುಷ್ಯ ನನಗೆ ಬಹಳ ಪ್ರಿಯನಾದುದು ಆ ಪುಟದಲ್ಲಿ. ಈಗ ಆ ಮನೆಯಲ್ಲಿರುವ ಸಂಗ್ರಹಾಲಯದ ಕನ್ನಡಕ, ಉಡುಪು, ಪ್ರಶಸ್ತಿಗಳು ಹೇಳಲಾರದ ಮಾತನ್ನು ಆ ಬರಿಯ ಕೊಠಡಿ ಹೇಳುತ್ತದೆ. ಕಟ್ಟಡವನ್ನು ಉಳಿಸುವುದರ ಪ್ರಯೋಜನವೇನೆಂದು ಕೇಳುವವರನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗಿ ಐದು ನಿಮಿಷ ಸುಮ್ಮನೆ ನಿಲ್ಲಿಸುತ್ತೇನೆ.

ಆ ಸುತ್ತಿನಲ್ಲಿ ಕೀರ್ತಿ ಬಂದ ಮನೆ ಇದೊಂದೇ ಅಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ‘ವಿಠ್ಠಲ ವಿಹಾರ’ದಲ್ಲಿಯೇ ಖಾಸಗಿ ಬಾನುಲಿ ಕೇಂದ್ರವನ್ನು ನಡೆಸತೊಡಗಿದರು, ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆಲ್ಲ ಹರಡಿದ್ದು ಅಲ್ಲಿಂದ. ಕುವೆಂಪು ಅವರ ‘ಉದಯರವಿ’ಯೂ ದೂರದಲ್ಲಿಲ್ಲ. ಒಂದೇ ನಗರದ ಒಂದೇ ದಿಕ್ಕಿನಲ್ಲಿ, ಒಬ್ಬರು ಕನ್ನಡದಲ್ಲಿ ಮಲೆನಾಡನ್ನೂ ಇನ್ನೊಬ್ಬರು ಇಂಗ್ಲಿಷಿನಲ್ಲಿ ಮಾಲ್ಗುಡಿಯನ್ನೂ ಕಟ್ಟುತ್ತಿದ್ದ ಆ ವರ್ಷಗಳು ಮೈಸೂರಿಗೆ ಮತ್ತೆ ಬಾರವು.

ವೃದ್ಧಾಪ್ಯದಲ್ಲಿ ನಾರಾಯಣರು ಮಗಳಿದ್ದ ಚೆನ್ನೈಗೆ ಹೋದರು. 2001ರ ಮೇ 13ರಂದು ಅಲ್ಲಿಯೇ ತೀರಿಕೊಂಡರು. ಮನೆಯ ಇತಿಹಾಸದಲ್ಲಿ ಬರೆದವರ ಅಧ್ಯಾಯ ಮುಗಿದು ವಾರಸುದಾರರ ಅಧ್ಯಾಯ ಪ್ರಾರಂಭವಾಯಿತು. ಪ್ರತಿಯೊಂದು ಮನೆಗೂ ಈ ಎರಡನೆಯ ಅಧ್ಯಾಯವುಂಟು, ಅದನ್ನು ಯಾರೂ ಅಷ್ಟಾಗಿ ಓದುವುದಿಲ್ಲ. ಊರು ಬಿಟ್ಟ ಸಂಸಾರ, ಬೀಗ ಹಾಕಿದ ಬಾಗಿಲು, ಸೋರುವ ಮಾಡು, ವರ್ಷವರ್ಷವೂ ಕಟ್ಟಬೇಕಾದ ಕಂದಾಯ, ಏರುತ್ತಲೇ ಇರುವ ನಿವೇಶನದ ಬೆಲೆ: ಇವೆಲ್ಲವೂ ಸೇರಿ ತೀರ್ಪನ್ನು ಮೊದಲೇ ಬರೆದಿಟ್ಟಿರುತ್ತವೆ. 2011ರ ಸೆಪ್ಟೆಂಬರಿನಲ್ಲಿ ಮನೆಯನ್ನು ಕೆಡಹುವ ಕೆಲಸ ಆರಂಭವಾಗಿ, ಒಂದಿಷ್ಟು ಭಾಗ ಘಾಸಿಗೊಂಡ ಮೇಲೆ, ಸುದ್ದಿ ಪತ್ರಿಕೆಗಳಿಗೆ ಮುಟ್ಟಿತು. ನಾಗರಿಕರು ಪ್ರತಿಭಟಿಸಿದರು, ಅಧಿಕಾರಿಗಳು ಬಂದು ಗುದ್ದಲಿಯನ್ನು ತಡೆದರು, ಪಾರಂಪರಿಕ ಕಟ್ಟಡವೆಂಬ ಮನ್ನಣೆ ದೊರೆಯಿತು, ಮುಂದೆ ಮೈಸೂರು ಮಹಾನಗರ ಪಾಲಿಕೆಯು ಸುಮಾರು 2.4 ಕೋಟಿ ರೂಪಾಯಿಗಳಿಗೆ ಅದನ್ನು ಕೊಂಡು, ಜೀರ್ಣೋದ್ಧಾರ ಮಾಡಿಸಿ, 2016ರ ಜುಲೈ ತಿಂಗಳಲ್ಲಿ ಸಂಗ್ರಹಾಲಯವಾಗಿ ಜನರಿಗೆ ತೆರೆಯಿತು.

ನಡುವಿನ ಆ ಐದು ವರ್ಷಗಳಲ್ಲಿ ಎದ್ದ ವಿವಾದವು ನನಗೆ ಕಟ್ಟಡದಷ್ಟೇ ಮುಖ್ಯವಾಗಿ ಕಾಣುತ್ತದೆ. ಕನ್ನಡದ ಕೆಲವರು ಹಿರಿಯ ಸಾಹಿತಿಗಳು ಸಾರ್ವಜನಿಕ ಹಣವನ್ನು ಈ ಮನೆಗೆ ವ್ಯಯಿಸುವುದನ್ನು ಬಹಿರಂಗವಾಗಿ ವಿರೋಧಿಸಿದರು. ನಾರಾಯಣರು ಬರೆದದ್ದು ಇಂಗ್ಲಿಷಿನಲ್ಲಿ, ಅವರ ಮನೆಮಾತು ತಮಿಳು, ಕನ್ನಡದ ಯಾವ ಕೃತಿಯನ್ನೂ ಹೊರಜಗತ್ತಿಗೆ ಪರಿಚಯಿಸುವ ಗೋಜಿಗೆ ಅವರು ಹೋಗಲಿಲ್ಲ, ಹಸ್ತಪ್ರತಿಗಳನ್ನೂ ಅಮೆರಿಕದ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು, ಕನ್ನಡಕ್ಕಾಗಿ ಜೀವ ತೇಯ್ದವರ ಮನೆಗಳು ಬೀಳುತ್ತಿರುವಾಗ ಇವರಿಗೆ ಈ ಮರ್ಯಾದೆ ಏತಕ್ಕೆ, ಎಂಬುದು ಅವರ ವಾದ. ಇದನ್ನು ಸಂಕುಚಿತವೆಂದು ಹಳಿದು ತಳ್ಳಿಹಾಕಿದವರೊಡನೆ ನನಗೆ ಸಮ್ಮತಿಯಿಲ್ಲ. ಕೊನೆಯ ಮಾತಿನಲ್ಲಿ ನಿಜವಾದ ನೋವಿದೆ. ಧಾರವಾಡದ ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆಯಿದೆ, ಪುತ್ತೂರಿನ ಬಾಲವನದಲ್ಲಿ ಕಾರಂತರ ಮನೆಯಿದೆ, ಕುಪ್ಪಳಿಯಲ್ಲಿ ಕವಿಮನೆಯಿದೆ ಎಂದು ಮೂರು ಹೆಸರು ಹೇಳಿದ ಮೇಲೆ ನಾಲ್ಕನೆಯದಕ್ಕೆ ನಾವು ತಡವರಿಸುತ್ತೇವೆ. ಕವಿಮನೆಯಂತಹ ಕವಿಮನೆಯಿಂದಲೇ 2015ರಲ್ಲಿ ಕುವೆಂಪು ಅವರ ಪದ್ಮ ಪ್ರಶಸ್ತಿಗಳ ಪದಕಗಳು ಕಳುವಾದವು ಎಂಬುದನ್ನು ನೆನೆದರೆ, ನಮ್ಮವರೆಂದು ಎದೆತಟ್ಟಿಕೊಳ್ಳುವವರ ಸ್ವತ್ತನ್ನಾದರೂ ನಾವು ಎಷ್ಟು ಜೋಪಾನ ಮಾಡಬಲ್ಲೆವೆಂಬ ಸಂಶಯವೂ ಮೂಡುತ್ತದೆ.

ಆದರೆ ಆಕ್ಷೇಪವು ತಪ್ಪಿದ ಜಾಗವೊಂದುಂಟು. ನಾರಾಯಣರು ನಮ್ಮವರೇ ಅಲ್ಲವೇ ಎಂದು ಅದು ಕೇಳಿತು. ಕೇಳಬೇಕಾಗಿದ್ದುದು ಆ ಮನೆ ನಮ್ಮದೇ ಅಲ್ಲವೇ ಎಂದು. ಬರೆದ ಭಾಷೆ ಯಾವುದಾದರೇನು, ಮನೆಯ ಗೋಡೆಗೆ ಹಾಕಿದ ಸುಣ್ಣ ಮೈಸೂರಿನದು, ಹೊತ್ತ ಕೂಲಿಯವರು ಮೈಸೂರಿನವರು, ಎಂಟು ಕಿಟಕಿಗಳು ನೋಡುತ್ತಿದ್ದುದು ಚಾಮುಂಡಿಯನ್ನು, ಸಂಜೆ ನಾರಾಯಣರು ನಡೆದಾಡಿ ಮಾತಿಗೆ ನಿಲ್ಲಿಸಿಕೊಳ್ಳುತ್ತಿದ್ದುದು ಇಲ್ಲಿಯ ಅಂಗಡಿಯವರನ್ನು. ಈ ಸೀಮೆಯ ಬಗ್ಗೆ ಅವರು ಬರೆಯಲೇ ಇಲ್ಲವೆನ್ನುವಂತೆಯೂ ಇಲ್ಲ: 1930ರ ದಶಕದ ಅಂತ್ಯದಲ್ಲಿ ಸಂಸ್ಥಾನದ ಅಪೇಕ್ಷೆಯಂತೆ ಮೈಸೂರನ್ನು ಕುರಿತು ಒಂದು ಪುಸ್ತಕವನ್ನೂ, 1977ರಲ್ಲಿ ತಮ್ಮ ಆರ್. ಕೆ. ಲಕ್ಷ್ಮಣರ ಚಿತ್ರಗಳೊಡನೆ ಕರ್ನಾಟಕದ ಪ್ರವಾಸಕಥನವನ್ನೂ ಬರೆದರು.

ಇನ್ನು ಶಿವಮೊಗ್ಗ ಸೀಮೆಯ ನಮ್ಮ ಕಡೆಯವರಿಗಂತೂ ಈ ವಿಷಯದಲ್ಲಿ ಸ್ವಲ್ಪ ನಗು ಬರಬೇಕು. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ತೆಗೆಯುವಾಗ ಆರಿಸಿಕೊಂಡದ್ದು ಯಾದವಗಿರಿಯನ್ನಲ್ಲ, ಆಗುಂಬೆಯನ್ನು. ಆ ಕಥೆಗಳ ಬಾಲನಾಯಕ ಸ್ವಾಮಿಯ ಮನೆಯೆಂದು ಜನ ಇಂದಿಗೂ ದೂರದೂರದಿಂದ ಬಂದು ನೋಡುವುದು ಆಗುಂಬೆಯ ದೊಡ್ಡಮನೆಯನ್ನು. ಶಿವಮೊಗ್ಗ ತಾಳಗುಪ್ಪ ಮಾರ್ಗದ ಅರಸಾಳಿನ ಹಳೆಯ ನಿಲ್ದಾಣವನ್ನು ರೈಲ್ವೆಯವರು ಸರಿಪಡಿಸಿ ಮಾಲ್ಗುಡಿಯ ಹೆಸರಿನ ಸಂಗ್ರಹಾಲಯವನ್ನು ಮಾಡಿದ್ದಾರೆ. ಕಥೆಗಾರನು ಬಾಳಿದ ಮನೆಗೆ ಗುದ್ದಲಿ ಬೀಳುವ ಹೊತ್ತಿಗೆ ಅವನ ಪಾತ್ರಗಳು ಬಾಳಿದಂತೆ ನಟಿಸಿದ ಮನೆ ಜನಪ್ರೀತಿಯಲ್ಲಿ ಭದ್ರವಾಗಿತ್ತು. ಆಗುಂಬೆಯ ಮನೆ ಉಳಿದಿರುವುದಕ್ಕೆ ಅದರಲ್ಲಿ ಒಡೆಯರು ಇನ್ನೂ ಬದುಕುತ್ತಿರುವುದೇ ಕಾರಣವೆಂದು ನನ್ನ ಎಣಿಕೆ. ಒಲೆ ಉರಿಯುವ ಮನೆಗೆ ಬೇರೆ ಸಂರಕ್ಷಣೆ ಬೇಡ.

ಒಡೆಯರ ಮಾತು ಬಂದುದರಿಂದ ಎದುರಂಗಡಿಯ ಯಜಮಾನರ ವಾಕ್ಯಕ್ಕೆ ಮರಳುತ್ತೇನೆ. “ಅವರ ಮನೆ, ಅವರಿಷ್ಟ” ಎಂಬುದು ನ್ಯಾಯವಾದ ಮಾತೇ. ಯಾದವಗಿರಿಯ ಮನೆಯನ್ನು ಮಾರಿದವರನ್ನು ಅಂದು ಕೆಲವರು ಕಠಿಣವಾಗಿ ಆಡಿಕೊಂಡರು. ಅದು ನನಗೆ ಸರಿಯೆನಿಸಲಿಲ್ಲ. ಅಜ್ಜನು ಮಹಾಲೇಖಕನಾದುದು ಮೊಮ್ಮಕ್ಕಳು ತೆರಬೇಕಾದ ದಂಡವಲ್ಲ. ಊರಿಗೆ ಒಂದು ಮನೆ ಬೇಕೆನಿಸಿದರೆ ಊರು ಅದರ ಬೆಲೆಯನ್ನು ಕೊಡಬೇಕು. ಬೆಲೆ ಕೊಡದೆ ಪಟ್ಟಿಗೆ ಮಾತ್ರ ಸೇರಿಸಿ, ನೀವು ಮಾರಕೂಡದು, ಕೆಡಹಕೂಡದು, ಕಿಟಕಿಯನ್ನೂ ಬದಲಿಸಕೂಡದು ಎಂದು ವಿಧಿಸಿದರೆ, ಅಂತಹ ಪಟ್ಟಿಯನ್ನು ಕಂಡು ಒಡೆಯರು ರಾತ್ರೋರಾತ್ರಿ ಜೆಸಿಬಿ ತರಿಸುವುದರಲ್ಲಿ ಆಶ್ಚರ್ಯವೇನು? ಮೈಸೂರು ಕಡೆಗಾದರೂ ಹಣ ಕೊಟ್ಟಿತು ಎಂಬುದೇ ಆ ಪ್ರಕರಣದ ಹೆಚ್ಚಳ. ಐದು ವರ್ಷ ಮೊದಲೇ, ಬಾಗಿಲಿಗೆ ಬೀಗ ಬಿದ್ದಾಗಲೇ, ಮನೆಯವರನ್ನು ಕರೆದು ಕೇಳಿದ್ದರೆ ಇನ್ನೂ ಚೆನ್ನಾಗಿತ್ತು.

ಕಾನೂನೂ ಇಲ್ಲಿ ಹೆಚ್ಚಿನ ನೆರವಿಗೆ ಬಾರದು. 1958ರ ಕೇಂದ್ರ ಸ್ಮಾರಕ ಕಾಯಿದೆಯು ನೂರು ವರ್ಷ ತುಂಬಿದುದನ್ನು ಮಾತ್ರ ಪ್ರಾಚೀನವೆಂದು ಎಣಿಸುತ್ತದೆ. ಅರುವತ್ತು ವರ್ಷದ ಬಡಾವಣೆ ಮನೆ ಅದರ ಕಣ್ಣಿಗೆ ಕೂಸು. ಆದರೆ ಇಂತಹ ಸಾಧಾರಣ ಮನೆಗಳನ್ನು ಉಳಿಸಿಕೊಂಡವರೂ ಇದ್ದಾರೆ. ಇಂಗ್ಲೆಂಡಿನಲ್ಲಿ ಜಾನ್ ಲೆನ್ನನ್ ಎಂಬ ಗಾಯಕನು ಬೆಳೆದ, ಲಿವರ್‌ಪೂಲಿನ ಹೊರವಲಯದ ಸಾಧಾರಣ ಮನೆಯನ್ನು ಅವನ ಪತ್ನಿ ಯೋಕೊ ಓನೊ 2002ರಲ್ಲಿ ಕೊಂಡು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿದಳು. ಅವನ ಜೊತೆಗಾರ ಪಾಲ್ ಮೆಕಾರ್ಟ್ನಿಯ ಮನೆ, ಪೌರಸಂಸ್ಥೆ ಕಟ್ಟಿಸಿ ಬಾಡಿಗೆಗೆ ಕೊಡುತ್ತಿದ್ದ ಮನೆಗಳಲ್ಲೊಂದು, 1995ರಲ್ಲಿಯೇ ಅದೇ ಸಂಸ್ಥೆಗೆ ಸೇರಿತ್ತು. ಅಲ್ಲಿ ನೋಡುವುದಕ್ಕೆ ಇರುವುದು ಒಂದು ಅಡುಗೆಮನೆ, ಒಂದು ಮಲಗುವ ಕೋಣೆ. ಜನ ಚೀಟಿ ಕೊಂಡು ಸಾಲು ನಿಲ್ಲುತ್ತಾರೆ.

ನ್ಯಾಮತಿಯಲ್ಲಿ ನಾರಾಯಣರೂ ಹುಟ್ಟಲಿಲ್ಲ, ಲೆನ್ನನನೂ ಹುಟ್ಟಲಿಲ್ಲ, ನಮ್ಮ ಮನೆಗಳಲ್ಲಿ ಏನಿದೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಈ ಅಂಚಿನಲ್ಲಿ, ಮೇಲಿನಿಂದ ಅಡಿಕೆ, ಮೆಣಸು, ಅಕ್ಕಿಗಳೂ ಕೆಳಗಿನಿಂದ ಜೋಳ, ಹತ್ತಿ, ಬಟ್ಟೆಗಳೂ ಗಾಡಿಯಲ್ಲಿ ಬಂದು ಕೈ ಬದಲಾಯಿಸುತ್ತಿದ್ದ ಪೇಟೆ ಇದು. ಆ ವ್ಯಾಪಾರದ ಆಕಾರವೇ ನಮ್ಮ ಹಳೆಯ ಮನೆಗಳ ಆಕಾರ. ಬೀದಿಗೆ ಜಗಲಿ, ಜಗಲಿಗೆ ಅಂಟಿಕೊಂಡು ಗಲ್ಲೆಪೆಟ್ಟಿಗೆಯ ಅಂಗಡಿ, ಒಳಗೆ ಬೆಳಕು ಬೀಳುವ ತೊಟ್ಟಿ, ಮೇಲೆ ಮೂಟೆಗಳ ಅಟ್ಟ, ಹಿತ್ತಿಲಿನಲ್ಲಿ ಗಾಡಿಯೆತ್ತುಗಳಿಗೆ ಕೊಟ್ಟಿಗೆ. ಗೃಹವೂ ಗೋದಾಮೂ ಒಂದೇ ಸೂರಿನಡಿ ಇರುವ ಇಂತಹ ಮನೆಯನ್ನು ಇನ್ನು ಯಾರೂ ಕಟ್ಟರು, ಕಟ್ಟಬೇಕಾದ ಕಾರಣವೂ ಉಳಿದಿಲ್ಲ. ಮನೆಗಳಿಗಿರಲಿ, ಊರಿಗೇ ಒಡೆಯರು ಬದಲಾಗಿದ್ದಾರೆ: ಶಿವಮೊಗ್ಗ ಜಿಲ್ಲೆಯವರಾಗಿದ್ದ ನಾವು 1997ರಲ್ಲಿ ದಾವಣಗೆರೆಯವರಾದೆವು, ಹೊನ್ನಾಳಿ ತಾಲ್ಲೂಕಿನವರಾಗಿದ್ದವರು 2018ರಲ್ಲಿ ನಮ್ಮದೇ ತಾಲ್ಲೂಕಿನವರಾದೆವು. ತಾಲ್ಲೂಕಾದ ಮೇಲೆ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ಮಳಿಗೆಗಳು ಬಂದವು, ಮಳಿಗೆಗಳಿಗೆ ಜಾಗ ಬೇಕಾಯಿತು. ನಾವೇ ಬಯಸಿ ತಂದ ಭಾಗ್ಯವಿದು. ಅದನ್ನು ಶಪಿಸುವ ಯೋಗ್ಯತೆ ನನಗಿಲ್ಲ.

ನನ್ನ ಕೋರಿಕೆ ಬಹಳ ಸಣ್ಣದು. ಕೆಡಹುವುದನ್ನು ತಡೆಯಿರೆಂದು ನಾನು ಕೇಳುತ್ತಿಲ್ಲ. ಕೆಡಹುವುದಕ್ಕೆ ಮುಂಚೆ ಒಂದು ದಿನ ಬಾಗಿಲು ತೆರೆಯಿರೆಂದು ಕೇಳುತ್ತಿದ್ದೇನೆ. ಇಬ್ಬರು ಹುಡುಗರು ಅಳತೆಪಟ್ಟಿ ಹಿಡಿದು ಒಳಗೆ ಹೋಗಿ ನಕ್ಷೆ ಬರೆದುಕೊಳ್ಳಲಿ, ಫೋಟೊ ತೆಗೆದುಕೊಳ್ಳಲಿ. ಮನೆಯ ಹಿರಿಯರು ಕಬ್ಬಿಣದ ಪೆಟ್ಟಿಗೆಯಿಂದ ಕ್ರಯಪತ್ರ, ಭೋಗ್ಯಪತ್ರ, ಪಾಲುಪಟ್ಟಿ, ಹಳೆಯ ಲೆಕ್ಕದ ಪುಸ್ತಕಗಳನ್ನು ತೆಗೆದು ತೋರಿಸಲಿ. ಮನೆಯ ಇತಿಹಾಸವೆಂದರೆ ಬಹುಮಟ್ಟಿಗೆ ಈ ಕಾಗದಗಳೇ. ಯಾರು ಯಾರಿಂದ ಕೊಂಡರು, ಯಾವ ಬರಗಾಲದಲ್ಲಿ ಒತ್ತೆಯಿಟ್ಟರು, ಯಾವ ಮದುವೆಗೆ ಬಿಡಿಸಿಕೊಂಡರು, ಅಣ್ಣತಮ್ಮಂದಿರು ಯಾವ ವರ್ಷ ಪಡಸಾಲೆಯ ನಡುವೆ ಗೋಡೆಯೆಬ್ಬಿಸಿದರು, ಆ ಗೋಡೆಯಲ್ಲಿ ಯಾರು ಆಮೇಲೆ ಬಾಗಿಲು ಕೊರೆದರು, ಇದೆಲ್ಲವೂ ಅಲ್ಲಿದೆ. ಈಗ ಮನೆ ಮಾರುವಾಗ ಕೊಳ್ಳುವವನು ಕೇಳುವುದು ಇ-ಖಾತೆ ಮತ್ತು ಹದಿಮೂರೋ ಮೂವತ್ತೋ ವರ್ಷದ ಋಣಭಾರ ಪತ್ರ. ಅದಕ್ಕೂ ಹಿಂದಿನ ಕಾಗದಗಳು ಹೆಂಚಿನ ಚೂರುಗಳೊಡನೆ ಟ್ರ್ಯಾಕ್ಟರಿನಲ್ಲಿ ಹೋಗುತ್ತವೆ. ಯಾವ ಮನೆಯವರು ಮಾರದೆ ದುರಸ್ತಿ ಮಾಡಿಸಿಕೊಂಡು ಇರುತ್ತೇವೆನ್ನುತ್ತಾರೋ ಅವರಿಗೆ ಕಂದಾಯದಲ್ಲಿ ಒಂದಿಷ್ಟು ಬಿಟ್ಟರೆ ಸ್ಥಳೀಯ ಸಂಸ್ಥೆ ಬಡವಾಗದು. ಗ್ರಂಥಾಲಯಕ್ಕೋ ಮತ್ತೊಂದಕ್ಕೋ ಹೊಸ ಕಟ್ಟಡದ ಯೋಚನೆ ಬಂದಾಗ, ಮಾರಾಟಕ್ಕಿರುವ ಒಂದು ತೊಟ್ಟಿಮನೆಯ ಬೆಲೆಯನ್ನೂ ಒಮ್ಮೆ ವಿಚಾರಿಸಿ ನೋಡಬಹುದು.

ಇದನ್ನೆಲ್ಲ ನಾನು ಎದುರಂಗಡಿಯ ಯಜಮಾನರಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಜ್ಜ ಆ ಮನೆಯಾಗೇ ಲೆಕ್ಕ ಬರೀತಿದ್ದ ಮೇಷ್ಟ್ರೇ” ಎಂದರು. ಅದು ನನಗೆ ತಿಳಿದಿರಲಿಲ್ಲ. ಎಲ್ಲಿ ಕುಳಿತು ಬರೆಯುತ್ತಿದ್ದರೆಂದು ಕೇಳಿದೆ. ಅವರು ರಸ್ತೆ ದಾಟಿ ಬಂದು, ಬಯಲಾದ ನಿವೇಶನದಲ್ಲಿ ಅಳತೆಯ ದಾರವನ್ನು ಮೆಟ್ಟದಂತೆ ಹೆಜ್ಜೆಯಿಟ್ಟು, ಪಕ್ಕದ ಮನೆಗೆ ಅಂಟಿಕೊಂಡೇ ಉಳಿದಿದ್ದ ನಡುಗೋಡೆಯನ್ನು ತೋರಿಸಿದರು. ಎದೆಮಟ್ಟದ ಎತ್ತರದಲ್ಲಿ ಒಂದು ದೀಪದ ಗೂಡಿತ್ತು. ಅದರ ಮೇಲೆ ಸುಣ್ಣದಲ್ಲಿ ನಾಲಗೆಯಂತೆ ಚಾಚಿದ ಹೊಗೆಯ ಕರಿ. “ಇದರ ಕೆಳಗೆ” ಎಂದರು. ಪಕ್ಕದ ಮನೆಯವರು ಮಳೆಗಾಲಕ್ಕೆ ಮುಂಚೆ ಆ ಗೋಡೆಗೆ ಸಿಮೆಂಟು ಬಳಿಸುವವರಿದ್ದರು. ಮರುದಿನ ಬೆಳಗ್ಗೆ ಹಾಲಿನ ಪಾತ್ರೆಯೊಡನೆ ಒಂದು ಅಳತೆಪಟ್ಟಿಯನ್ನೂ ಜೇಬಿನಲ್ಲಿಟ್ಟುಕೊಂಡು ಹೋದೆ: ಗೂಡಿನ ಅಗಲ ಒಂಬತ್ತು ಅಂಗುಲ, ಎತ್ತರ ಹನ್ನೊಂದು.